ಚೋರ್ ಬಟನ್

ಮೊದಲೇ ಹೇಳಿಬಿಡುತ್ತೇನೆ, ನನ್ನದು ಸುಮ್ಮನಿರುವ ಕೈಯಲ್ಲ. ಮಹಾರಾಷ್ಟ್ರದ ಗಡಿಯ ನಿಲಂಗಾದ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ನನ್ನ ಬೈಕ್ ವೈರಿಂಗ್ ಅಂಗಡಿ ಇದೆ. ಅಲ್ಲಿ ಸ್ಕ್ರೂಡ್ರೈವರ್ ಹಿಡಿದಷ್ಟೇ ಸಲ ಗಿರಾಕಿಗಳ ಕೊರಳಪಟ್ಟಿಯನ್ನೂ ಹಿಡಿದಿದ್ದೇನೆ. ಫ್ಯೂಜ್ ಹೋದರೆ ಅದರ ಜಾಗಕ್ಕೆ ಸಿಗರೇಟ್ ಪಾಕೀಟಿನ ಬೆಳ್ಳಿ ಕಾಗದ ಸುತ್ತಿ, ಆಮೇಲೆ ವೈರೆಲ್ಲ ಕರಗಿಸಿಕೊಂಡು ಬಂದು, "ನಿನ್ನ ಕೆಲಸಾನೇ ಖರಾಬ್ ಅದ" ಎನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅಂಥ ಒಬ್ಬನನ್ನು ಅವನದೇ ಹೆಲ್ಮೆಟ್ಟಿನಿಂದ ಬಾರಿಸಿದ್ದೆ. ಅವನೂ ಗಾಂಧಿಯ ಮೊಮ್ಮಗನಲ್ಲ. ನನ್ನ ಮುಂದಿನ ಹಲ್ಲು ಅರ್ಧ ಮುರಿದದ್ದು ಅಂದೇ.

ಕೆಲಸ ಕಲಿತದ್ದು ಉದಗೀರದಲ್ಲಿ, ಒಬ್ಬ ಉಸ್ತಾದನ ಕೈಕೆಳಗೆ, ಮೀಸೆ ಬಂದ ಮೇಲೆ. ಮೀಸೆ ಬಂದವನೆಂದು ಅವನೇನೂ ಮರ್ಯಾದೆ ಕೊಡಲಿಲ್ಲ. ಬೆಸುಗೆ ಹಾಕದೆ ಬರೀ ಟೇಪು ಸುತ್ತಿದ್ದು ಕಂಡರೆ ಅದೇ ವೈರನ್ನು ಕಿತ್ತು ಬೆನ್ನಿಗೆ ಬಾರಿಸುತ್ತಿದ್ದ. ಬೆನ್ನ ಮೇಲೆ ಕೆಂಪು ಗೆರೆ ಎದ್ದು, ಅಂಗಿ ತಾಗಿದರೆ ಉರಿಯುತ್ತಿತ್ತು. ಹಾಗೆ ಕಲಿತದ್ದು ಮರೆಯುವುದಿಲ್ಲ. ಬ್ಯಾಟರಿಯ ಪಕ್ಕದಲ್ಲೇ ಫ್ಯೂಜ್ ಇರಬೇಕು. ದೊಡ್ಡ ಹಾರ್ನಿಗೆ ರಿಲೇ ಬೇಕೇಬೇಕು. ಹ್ಯಾಂಡಲ್ ಪೂರ್ತಿ ತಿರುಗಿದರೂ ಎಳೆಯದಷ್ಟು ಸಡಿಲು ವೈರಿಗೆ ಬಿಟ್ಟಿರಬೇಕು. ಇವೆಲ್ಲ ಯಾರಾದರೂ ಹೇಳಿಕೊಟ್ಟಾರು. ಉಸ್ತಾದ ಹೇಳಿಕೊಟ್ಟ ಇನ್ನೊಂದು ನಿಯಮ ಚೋರ್ ಬಟನ್ನಿನದು.

ಚೋರ್ ಬಟನ್ ಎಂದರೆ ಗಾಡಿಯ ಮೈಯಲ್ಲಿ ಎಲ್ಲೋ ಅಡಗಿಸಿಟ್ಟ ಸಣ್ಣ ಸ್ವಿಚ್ಚು. ಅದನ್ನು ಆರಿಸಿಟ್ಟರೆ ಕೀಲಿ ತಿರುಗುತ್ತದೆ, ಲೈಟು ಹತ್ತುತ್ತದೆ, ಹಾರ್ನು ಹೊಡೆಯುತ್ತದೆ, ಮೊಬೈಲ್ ಕೂಡ ಚಾರ್ಜ್ ಆಗುತ್ತದೆ. ಪ್ಲಗ್ಗಿಗೆ ಕಿಡಿ ಮಾತ್ರ ಹೋಗುವುದಿಲ್ಲ. ಕಳ್ಳ ಕಿಕ್ ಹೊಡೆದು ಹೊಡೆದು, ಪೆಟ್ರೋಲ್ ಹೆಚ್ಚಾಗಿ ಬಂದಿರಬೇಕು ಅಂದುಕೊಂಡು ಗಾಡಿಯನ್ನು ಬೈದು ಬಿಟ್ಟುಹೋಗುತ್ತಾನೆ. ಎಲ್ಲವೂ ಸರಿಯಿದ್ದ ಹಾಗೆ ಕಾಣಬೇಕು, ಅದೇ ಅದರ ಹುನ್ನಾರ. "ಬಟನ್ ಎಲ್ಲಿ ಅದ ಅಂತ ಮಾಲಕಗ ಗೊತ್ತಿರಬೇಕು, ನಿನಗ ಮರ್ತು ಹೋಗಬೇಕು" ಎನ್ನುತ್ತಿದ್ದ ಉಸ್ತಾದ. ಮಾಲೀಕನ ಹೆಂಡತಿ ಕೇಳಿದರೂ ಹೇಳಬಾರದು, ಮಗ ಕೇಳಿದರೂ ಹೇಳಬಾರದು. ನಿಲಂಗಾದಿಂದ ದೇವಣಿಯವರೆಗೆ ಎಷ್ಟೋ ಗಾಡಿಗಳಲ್ಲಿ ನಾನು ಹಾಕಿದ ಬಟನ್ನುಗಳಿವೆ. ಒಂದರ ಜಾಗವನ್ನೂ ಬಾಯಿಬಿಟ್ಟವನಲ್ಲ. ಆ ಹೆಮ್ಮೆ ನನಗೆ ತುಂಬಾ ಇತ್ತು. ಅದು ಎಲ್ಲಿಗೆ ಮುಟ್ಟಿಸಿತು ಎಂಬುದನ್ನು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನಗೊಬ್ಬಳು ಅಕ್ಕ. ನನಗಿಂತ ನಾಲ್ಕು ವರ್ಷ ದೊಡ್ಡವಳು. ಅಪ್ಪನ ಬೈಕನ್ನು ನಾನು ಕಲಿತ ವಾರವೇ ಅವಳಿಗೂ ಕಲಿಸಿದೆ, ನಮ್ಮ ಹೊಲದ ದಾರಿಯಲ್ಲಿ. ಬಿದ್ದಳು, ಮೊಣಕಾಲು ಕೆತ್ತಿಕೊಂಡಳು, ಎದ್ದು ಬಂದು ನನಗೇ ಎರಡು ಬಾರಿಸಿದಳು. ಸಿಟ್ಟಿನಲ್ಲಿ ಅವಳು ನನಗೇನೂ ಕಡಿಮೆಯಿಲ್ಲ. ಅವ್ವ ಬೇಡವೆಂದು ಬಡಿದುಕೊಂಡರೂ ಅಪ್ಪನಿಗೆ ಹೊಲಕ್ಕೆ ಬುತ್ತಿ ಒಯ್ಯುತ್ತಿದ್ದದ್ದು ಬೈಕಿನ ಮೇಲೇ.

ಅವಳನ್ನು ಕೊಟ್ಟದ್ದು ಉಮರ್ಗಾದಿಂದ ಲೋಹಾರಾ ಕಡೆಗಿನ ಒಂದು ಹಳ್ಳಿಗೆ. ನಮ್ಮ ಹಾಗೆಯೇ ಲಿಂಗ ಕಟ್ಟಿಕೊಂಡ ಒಕ್ಕಲುತನದ ಮನೆ. ಅಕ್ಕನ ಗಂಡನನ್ನು ನಮ್ಮ ಕಡೆ ಮರಾಠಿಯವರಂತೆ ದಾಜಿ ಎನ್ನುತ್ತೇವೆ. ದಾಜಿ ನೋಡಲು ಚೆಂದ, ಹೊರಗಿನವರ ಮುಂದೆ ಮಾತು ಬೆಲ್ಲ. ಮದುವೆಯಾದ ಮೊದಲ ನಾಗರ ಪಂಚಮಿಗೆ ತವರಿಗೆ ಕರೆತರಲು ಹೋದಾಗ ಅಕ್ಕನ ಹೆಗಲ ಮೇಲೆ ಅಂಗೈ ಅಗಲದ ನೀಲಿ ಗುರುತಿತ್ತು. ಬಾಗಿಲು ಬಡಿಯಿತು ಎಂದಳು. ಬಾಗಿಲಿಗೆ ಬೆರಳಿರುತ್ತದೆಯೇ? ನಾನು ಅಂಗಳದಲ್ಲೇ ದಾಜಿಯ ಮೇಲೆ ಬಿದ್ದೆ. ನಾಲ್ಕು ಜನ ಸೇರಿ ಬಿಡಿಸಿದರು. ಆಮೇಲೆ ಹಿರಿಯರು ಕೂತರು, ಚಹಾ ಕುಡಿದರು, ಹೊಂದಿಕೊಂಡು ಹೋಗು ಎಂದು ಅಕ್ಕನಿಗೇ ಬುದ್ಧಿ ಹೇಳಿದರು. ಅಪ್ಪನೂ ತಲೆಯಾಡಿಸಿದ. ಅಲ್ಲಿಂದ ಮುಂದೆ ಪ್ರತಿ ಪಂಚಮಿಗೆ ಒಂದೊಂದು ಗುರುತು ನೋಡುತ್ತಾ ಬಂದೆ. ಆ ಹಿರಿಯರನ್ನು ನಾನು ಈಗಲೂ ಕ್ಷಮಿಸಿಲ್ಲ, ತೀರಿಹೋದ ಅಪ್ಪನನ್ನೂ.

ಒಂದು ಪಂಚಮಿಗೆ ಅಕ್ಕ ನನ್ನ ಅಂಗಡಿಯ ಬೆಂಚಿನ ಮೇಲೆ ಕೂತು ಹೇಳಿದಳು: "ಒಂದಿನಾ ಅಂವನ ಗಾಡಿನೇ ಹೊಡ್ಕೊಂಡು ಸೀದಾ ಇಲ್ಲಿಗಿ ಬರ್ತೀನಿ ನೋಡ್ ತಮ್ಮಾ. ಬಸ್ಸಿಗಿ ಕಾಯ್ಕೋತ ನಿಂತ್ರ ಅಂವಾ ಫಾಟ್ಯಾದಾಗೇ ಹಿಡೀತಾನ. ಗಾಡಿ ಮ್ಯಾಲ ಕುಂತ್ರ ಯಾರಪ್ಪಗ ಸಿಗ್ತೀನಿ?" ಫಾಟಾ ಎಂದರೆ ಹಳ್ಳಿಯ ದಾರಿ ಡಾಂಬರು ರಸ್ತೆಗೆ ಕೂಡುವ ತಿರುವು. "ಬಾ ಅಕ್ಕಾ, ಯಾವತ್ತರ ಬಾ" ಎಂದೆ. ಅವಳು ತಮಾಷೆ ಮಾಡುತ್ತಿರಲಿಲ್ಲ. ನಾನೂ ಮಾಡುತ್ತಿರಲಿಲ್ಲ.

ಅದರ ಮರುವರ್ಷ ದಾಜಿ ಮತ್ತು ಅವನ ತಮ್ಮನ ನಡುವೆ ಹಿಸ್ಸೆ ಆಯಿತು. ಹೊಲ ಎರಡು ಪಾಲಾಯಿತು, ಮನೆಗೆ ನಡುಗೋಡೆ ಬಂತು. ಬೈಕನ್ನು ಮಾತ್ರ ಸೀಳಲು ಬರಲಿಲ್ಲ. ನಮ್ಮಲ್ಲಿ ಒಂದೇ ಬಾವಿ ಇದ್ದರೆ ಅಣ್ಣತಮ್ಮಂದಿರು ಪಾಳಿ ಹಾಕಿಕೊಳ್ಳುತ್ತಾರೆ, ನಾಲ್ಕು ದಿನ ನಿನ್ನ ನೀರು, ನಾಲ್ಕು ದಿನ ನನ್ನ ನೀರು ಎಂದು. ಇವರು ಬೈಕಿಗೂ ಹಾಗೇ ಪಾಳಿ ಹಾಕಿದರು. ಅದೊಂದು ಯುದ್ಧವೇ ಆಯಿತು. ದಾಜಿ ತನ್ನ ಪಾಳಿಯಲ್ಲಿ ನನ್ನಿಂದ ಪ್ರೆಶರ್ ಹಾರ್ನ್ ಹಾಕಿಸಿಕೊಂಡು ಹೋದ. ತಮ್ಮ ತನ್ನ ಪಾಳಿಯಲ್ಲಿ ಅದರ ವೈರನ್ನು ಕುಡಗೋಲಿನಿಂದ ಕೊಯ್ದ. ಆ ತಮ್ಮ ಬಂದು ಮೊಬೈಲ್ ಚಾರ್ಜರ್ ಹಾಕಿಸಿದ. ದಾಜಿ ಅದನ್ನು ಕಿತ್ತು ತಿಪ್ಪೆಗೆ ಎಸೆದ. ನಾನು ಬೆಸೆದಂತೆಲ್ಲ ಅವರು ಕೊಯ್ಯುತ್ತಿದ್ದರು. ನನ್ನ ಕೆಲಸಕ್ಕೆ ಕುಡಗೋಲು ಹಾಕುತ್ತಾರಲ್ಲ ಎಂದು ನಾನು ಇಬ್ಬರಿಗೂ ತಾಯಿ ತಂದೆ ಸೇರಿಸಿ ಬೈದೆ.

ಹೀಗಿರುವಾಗ ಒಂದು ದಿನ ದಾಜಿ ಒಬ್ಬನೇ ಬಂದ. ಚೋರ್ ಬಟನ್ ಬೇಕೆಂದ. ತನ್ನ ಪಾಳಿಯಲ್ಲೂ ತಮ್ಮ ಬಂದು ಗಾಡಿ ಒಯ್ಯುತ್ತಾನಂತೆ, ಅದಕ್ಕೆ. ಅಕ್ಕ ಬೆಂಚಿನ ಮೇಲೆ ಕೂತು ಹೇಳಿದ ಮಾತು ನೆನಪಾಯಿತೇ? ಆಯಿತು. ಸುಳ್ಳು ಹೇಳುವುದಿಲ್ಲ. ಸ್ವಿಚ್ಚನ್ನು ಕೈಯಲ್ಲಿ ಹಿಡಿದು, "ಅಕ್ಕನ ಮ್ಯಾಲ ಕೈ ಮಾಡೋದು ಬಿಟ್ಟೀರೋ ಇಲ್ಲೋ ಮೊದಲ್ ಹೇಳ್ರಿ" ಎಂದೆ. ಅವನು ಅಂಗಿಯೊಳಗಿಂದ ಲಿಂಗ ತೆಗೆದು ಅಂಗೈಯಲ್ಲಿಟ್ಟುಕೊಂಡ. "ಲಿಂಗದ ಆಣಿ. ಇನ್ನ ಆಕಿನ್ನ ಮುಟ್ಟಂಗಿಲ್ಲ. ಖರೇ ಹೇಳ್ತೀನಿ, ನನಗೂ ಸಾಕಾಗ್ಯಾದ" ಎಂದ. ಕಣ್ಣಲ್ಲಿ ನೀರೂ ಬಂತು. ಆಮೇಲೆ ಹೇಳಿದ: "ನೀನೂ ಆಣಿ ಮಾಡು. ಬಟನ್ ಜಾಗಾ ಯಾರಿಗೂ ಹೇಳಬ್ಯಾಡ, ನಿಮ್ಮ ಅಕ್ಕಗೂ. ಆಕಿ ಬಾಯಾಗ ಮಾತ ನಿಲ್ಲಂಗಿಲ್ಲ, ಸೀದಾ ನನ್ನ ತಮ್ಮನ ಹೇಂತಿಗಿ ಮುಟ್ಟತದ."

ನಾನು ನನ್ನ ಲಿಂಗ ಮುಟ್ಟಿ ಆಣೆ ಮಾಡಿದೆ. ಅಕ್ಕನ ಮೈ ಉಳಿಯುತ್ತದೆ, ಬದಲಿಗೆ ನಾನು ಒಂದು ಸ್ವಿಚ್ಚಿನ ಜಾಗ ಮುಚ್ಚಿಡಬೇಕು, ಇಷ್ಟೇ ಅಲ್ಲವೇ ಅನ್ನಿಸಿತು. ಉಸ್ತಾದನ ನಿಯಮವೂ ಅದೇ ಇತ್ತು. ಬಟನ್ನನ್ನು ಸೀಟಿನ ಕೆಳಗೆ, ಎಡಗಡೆಯ ಪ್ಯಾನಲ್ಲಿನ ಒಳಮಗ್ಗುಲಿಗೆ ಕೂರಿಸಿದೆ. ಕಿಡಿಯ ವೈರನ್ನು ಕತ್ತರಿಸಿ, ಬೆಸೆದು, ಕಂಪನಿಯ ವೈರುಗಳ ಜೊತೆಯಲ್ಲೇ ಸುತ್ತಿ, ಮೇಲೆ ಒಂದಿಷ್ಟು ಗ್ರೀಸು ಧೂಳು ಒರೆಸಿದೆ. ಇನ್ನೊಬ್ಬ ಮಿಸ್ತ್ರಿ ಪ್ಯಾನಲ್ ಬಿಚ್ಚಿ ನೋಡಿದರೂ ಕಾಣಬಾರದು. ಅಷ್ಟು ಒಳ್ಳೆಯ ಕೆಲಸವನ್ನು ನಾನು ಬೇರೆ ಯಾವ ಗಾಡಿಗೂ ಮಾಡಿರಲಿಲ್ಲ.

ತೊಗರಿ ರಾಶಿ ನಡೆದಿದ್ದಾಗ ಅದು ಆಯಿತು. ಮಟಮಟ ಮಧ್ಯಾಹ್ನ. ಊಟ ತಡವಾಗಿ ತಂದಳೆಂದು ದಾಜಿ ಕಣದಲ್ಲೇ ಶುರುಮಾಡಿದ. ಮೊದಲು ಕೈಯಲ್ಲಿ, ಆಮೇಲೆ ತೊಗರಿ ಕಟ್ಟಿಗೆಯಲ್ಲಿ. ಆಣೆಗೆ ಇನ್ನೂ ನಾಲ್ಕು ತಿಂಗಳಾಗಿರಲಿಲ್ಲ. ಅಕ್ಕ ಅಂದು ತಲೆ ಬಗ್ಗಿಸಿ ಕೂರಲಿಲ್ಲ. ಅವನ ಕಣ್ಣಿಗೆ ಒಂದು ಬೊಗಸೆ ಹೊಟ್ಟು ಎರಚಿ ಓಡಿದಳು. ಬೈಕು ಬದುವಿನ ಬೇವಿನ ಗಿಡದ ಕೆಳಗಿತ್ತು, ಕೀಲಿ ಅದರಲ್ಲೇ ಇತ್ತು. ಅದೇ ದಿನಕ್ಕೆ ಕಾದಿದ್ದವಳು ಹತ್ತಿ ಕೂತಳು.

ಕೀಲಿ ತಿರುಗಿಸಿದಳು, ಹಸಿರು ದೀಪ ಹತ್ತಿತು. ಕಿಕ್ ಹೊಡೆದಳು. ಇನ್ನೊಂದು ಹೊಡೆದಳು. ಚೋಕ್ ಎಳೆದಳು, ಪೆಟ್ರೋಲಿನ ಕಾಕ್ ತಿರುಗಿಸಿದಳು, ಮತ್ತೆ ಹೊಡೆದಳು. ಹದಿನೈದೋ ಇಪ್ಪತ್ತೋ. ಚಪ್ಪಲಿ ಹರಿದು ಬರಿಗಾಲಲ್ಲಿ ಹೊಡೆದಳು. ಕೊನೆಗೆ ಹಾರ್ನ್ ಒತ್ತಿ ಹಿಡಿದಳು. ಆ ಹಾರ್ನಿಗೆ ರಿಲೇ ಹಾಕಿ ಎರಡು ಹೊಲ ಆಚೆಗೆ ಕೇಳುವಂತೆ ಮಾಡಿದವನು ನಾನು. ಕೇಳಿತಂತೆ ಎಲ್ಲರಿಗೂ. ಟ್ರ್ಯಾಕ್ಟರಿನವನು ದಾರಿ ಕೇಳುತ್ತಿದ್ದಾನೆ ಅಂದುಕೊಂಡು ಯಾರೂ ತಲೆ ಎತ್ತಲಿಲ್ಲ.

ದಾಜಿ ಓಡಿ ಬರಲಿಲ್ಲ. ಕಣ್ಣು ಒರೆಸಿಕೊಂಡು, ಕೊಡಲಿಯ ಕಾವು ಹುಡುಕಿ ತೆಗೆದುಕೊಂಡು, ನಡೆದುಕೊಂಡು ಬಂದ. ಗಾಡಿ ಎಲ್ಲಿಗೂ ಹೋಗುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಬಟನ್ ಹಾಕಿಸಿದ್ದು ತಮ್ಮನಿಗಾಗಿ ಅಲ್ಲವೇ ಅಲ್ಲ. ಅಕ್ಕನ ಬಲಗೈ ಆಕ್ಸಿಲರೇಟರಿನ ಮೇಲಿತ್ತು. ಮೊದಲನೇ ಏಟು ಮಣಿಕಟ್ಟಿನ ಮೇಲೇ ಹಾಕಿದ. ಮೂರು ಕಡೆ ಮುರಿಯಿತು. ಎರಡನೆಯದು ಎಡಗಿವಿಗೆ. ಬೈಕಿನ ಸಮೇತ ಬಿದ್ದವಳ ಬೆನ್ನಿಗೆ, ಸೊಂಟಕ್ಕೆ ಹೊಡೆಯುತ್ತಲೇ ಇದ್ದ. ಬಿಡಿಸಿದವಳು ಅವನ ತಮ್ಮನ ಹೆಂಡತಿ, ಹಿಸ್ಸೆಯಾದ ಮೇಲೆ ಅಕ್ಕನ ಜೊತೆ ಮಾತೇ ಬಿಟ್ಟಿದ್ದವಳು. ಕುಡಗೋಲು ಹಿಡಿದು ಓಡಿ ಬಂದು, "ಇನ್ನೊಂದ್ ಏಟ್ ಹಾಕಿದ್ರ ನಿನ್ನ ಕೈನೇ ಕೊಯ್ತೀನಿ" ಎಂದು ಎದುರು ನಿಂತಳಂತೆ. ಅವಳೇ ಅಕ್ಕನನ್ನು ಟೆಂಪೋದಲ್ಲಿ ಮಲಗಿಸಿಕೊಂಡು ಉಮರ್ಗಾದ ದವಾಖಾನೆಗೆ ತಂದಳು.

ನಾನು ಹೋದಾಗ ಅಕ್ಕನ ಮುಖ ಊದಿ, ಇದು ಯಾರೋ ಎನ್ನುವ ಹಾಗಿತ್ತು. ಕಿವಿಯಿಂದ ರಕ್ತ ಇಳಿದು ದಿಂಬು ನೆನೆದಿತ್ತು. ನನ್ನನ್ನು ನೋಡಿ ಅವಳು ಮೊದಲು ಹೇಳಿದ ಮಾತು: "ತಮ್ಮಾ, ಗಾಡಿ ಚಾಲೂ ಆಗ್ಲಿಲ್ಲೋ."

ನಾನು ಹೊರಗೆ ಬಂದೆ. ಹೈದರಾಬಾದ್ ರಸ್ತೆಯ ಪಕ್ಕದ ಚಹಾದಂಗಡಿಯಲ್ಲಿ ದಾಜಿ ಕೂತಿದ್ದ. ಬೇರೆ ಅಂಗಿ ಹಾಕಿಕೊಂಡು, ತಲೆ ಬಾಚಿಕೊಂಡು, ಬಶಿಯಲ್ಲಿ ಚಹಾ ಸುರಿದು ಊದುತ್ತಿದ್ದ. ಆಮೇಲೆ ನಾನು ಮಾಡಿದ್ದನ್ನು ಉಮರ್ಗಾದವರು ಈಗಲೂ ಹೇಳುತ್ತಾರೆ. ಬಶಿಯನ್ನು ಅವನ ಮುಖದ ಮೇಲೇ ಒಡೆದೆ. ಕೊರಳು ಹಿಡಿದು ಎಳೆದು ರಸ್ತೆಗೆ ತಂದೆ. ಪಕ್ಕೆಗೆ ಒದ್ದಾಗ ಒಳಗೆ ಏನೋ ಲಟಕ್ಕೆಂದದ್ದು ನನ್ನ ಕಾಲಿಗೇ ತಿಳಿಯಿತು. ಜನ ಸುತ್ತ ನಿಂತಿದ್ದರು, ಯಾರೂ ಬಿಡಿಸಲಿಲ್ಲ. ಹೆಂಡತಿಗೆ ಹೊಡೆದ ಸುದ್ದಿ ಆಗಲೇ ಹಬ್ಬಿತ್ತು. ಎದೆಯ ಮೇಲೆ ಕೂತೆ. ಅವನು ರಕ್ತ ಉಗುಳಿ ನಕ್ಕ. ನನಗೊಬ್ಬನಿಗೇ ಕೇಳುವಷ್ಟು ಸಣ್ಣಗೆ ಹೇಳಿದ: "ಬಟನ್ ಹಾಕ್ದಂವಾ ಯಾರಲೇ? ನೀನಽ ಅಲ್ಲೇನು?"

ಜನ ಎರಡು ಹೆಜ್ಜೆ ದೂರದಲ್ಲಿದ್ದರು. ಅವನು ಇನ್ನೊಮ್ಮೆ ಬಾಯಿ ತೆರೆದ. ನನ್ನ ಜೇಬಿನಲ್ಲಿ ಕಟಿಂಗ್ ಪ್ಲೈಯರ್ ಇತ್ತು. ಅದನ್ನು ಮುಷ್ಟಿಯಲ್ಲಿ ಹಿಡಿದು ಆ ಬಾಯಿಗೇ ಹೊಡೆದೆ. ಮತ್ತೆ ಹೊಡೆದೆ. ಹಲ್ಲು ಉದುರಿದವು, ದವಡೆ ಮುರಿಯಿತು. ಅಲ್ಲಿಯವರೆಗಿನ ಏಟುಗಳು ಅಕ್ಕನಿಗಾಗಿ ಇದ್ದಿರಬಹುದು. ಕೊನೆಯವು ನನಗಾಗಿ. ಆ ಬಾಯಿ ಮುಚ್ಚಲಿ ಎಂದೇ ಹೊಡೆದೆ. ಅವನ ದವಡೆಗೆ ತಂತಿ ಬಿಗಿದಿದ್ದಾರೆ, ವಾರಗಟ್ಟಲೆ ಮಾತಾಡುವಂತಿಲ್ಲ ಎಂದು ಲಾಕಪ್ಪಿನಲ್ಲಿ ಕೇಳಿದಾಗ ನನಗೆ ಸಮಾಧಾನವಾಯಿತು. ಅಂಥವನು ನಾನು.

ಜಾಮೀನಿನ ಮೇಲೆ ಹೊರಗೆ ಬಂದಾಗ ಓಣಿಯವರು ಹಾರ ಹಾಕಿದರು. "ತಮ್ಮ ಅಂದ್ರ ಹಿಂಗಿರಬೇಕು ನೋಡ್ರಿ" ಎಂದರು. ಹಾರವನ್ನು ಹರಿದು ಗಟಾರಿಗೆ ಎಸೆಯಬೇಕು ಅನ್ನಿಸಿತು. ಎಸೆಯಲಿಲ್ಲ. ಮನೆಯವರೆಗೂ ಕೊರಳಲ್ಲಿ ಹಾಕಿಕೊಂಡೇ ಬಂದೆ.

ದಾಜಿಯ ಮೇಲೆ ಕೇಸು ನಡೆಯಿತು, ಇನ್ನೂ ನಡೆಯುತ್ತಿದೆ. ಪಂಚನಾಮೆಗೆ ಬಂದವರು ಬೈಕು ನೋಡಿದರು. ಉಮರ್ಗಾಕ್ಕೆ ಬರುವ ಮೊದಲೇ ಅವನು ಬಟನ್ನನ್ನು ಆನ್ ಮಾಡಿಟ್ಟಿದ್ದ. ಪೊಲೀಸ್ ಕಿಕ್ ಹೊಡೆದ ಕೂಡಲೇ ಗಾಡಿ ಚಾಲೂ ಆಯಿತು. ಗಾಡಿ ಸರಿಯಾಗಿದೆ ಎಂದು ಬರೆದುಕೊಂಡರು. ಬಟನ್ನಿನ ಮಾತು ಎತ್ತಿದರೆ ಹೆಂಡತಿಯನ್ನು ಕಟ್ಟಿಹಾಕಲು ಹುನ್ನಾರ ಮಾಡಿದ್ದು ಹೊರಬೀಳುತ್ತದೆಂದು ಅವನು ಸುಮ್ಮನಾದ. ನಾನೂ ಸುಮ್ಮನಾದೆ. ಬಡಿದವನೂ ಬಡಿಸಿಕೊಂಡವನೂ ಆ ಒಂದು ವಿಷಯದಲ್ಲಿ ಒಂದಾಗಿದ್ದೆವು.

ಅಕ್ಕ ನನ್ನ ಮನೆಗೆ ಬಂದಳು. ಮಣಿಕಟ್ಟು ಸೊಟ್ಟಾಗಿ ಕೂಡಿತು, ಎಡಗಿವಿ ಕೇಳಿಸದು. ಅದೆಲ್ಲ ಅವಳು ತಡೆದುಕೊಂಡಳು. ಪಂಚನಾಮೆಯ ಸುದ್ದಿ ಮಾತ್ರ ಅವಳನ್ನು ಒಳಗಿಂದ ತಿಂದಿತು. ನೋಡಲು ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದಳು: "ಗಾಡಿ ಛಲೋನೇ ಇತ್ತಂತ್ರಿ. ನನಗೇ ಮರ್ತು ಹೋಗಿತ್ತು. ಹೆದರಿಕಿಗಿ ಏನ್ ಮಾಡಿದೆನೋ ಏನೋ." ಒಂದು ಸಲ ನನಗೆ ರೊಟ್ಟಿ ಹಾಕುತ್ತಾ, "ನೀ ಅಷ್ಟ್ ಚಂದ ಕಲಿಸಿದ್ದಿ ತಮ್ಮಾ, ನಿನ್ನ ಹೆಸರ ಕೆಡಿಸಿದೆ" ಎಂದಳು. "ಹೋಗ್ಲಿ ಬಿಡಕ್ಕಾ" ಎಂದೆ. ಅಷ್ಟೇ ಎಂದೆ. ಎರಡು ವರ್ಷ ಅಷ್ಟೇ ಎನ್ನುತ್ತಾ ಬಂದೆ. ಆಣೆ ಅವನು ಮುರಿದಿದ್ದ, ನಾನು ಇಟ್ಟುಕೊಳ್ಳಬೇಕಾದ್ದು ಏನೂ ಉಳಿದಿರಲಿಲ್ಲ. ಹೇಳದೇ ಇದ್ದದ್ದು ಹೇಡಿತನದಿಂದ.

ಹೋದ ಚಳಿಗಾಲ ಒಂದು ಬೆಳಿಗ್ಗೆ ಅಕ್ಕ ಅಂಗಡಿಗೆ ನನ್ನ ಬುತ್ತಿ ತಂದಿದ್ದಳು. ಅದೇ ಹೊತ್ತಿಗೆ ಬೀರಪ್ಪ ದೇವರ ಒಕ್ಕಲಿನ ಒಬ್ಬ ಕುರಿಯವನು ಬೈಕು ತಳ್ಳಿಕೊಂಡು ಬಂದ. ಕುರಿ ಹೊಡೆದುಕೊಂಡು ತಿಂಗಳುಗಟ್ಟಲೆ ಅಡ್ಡಾಡುವ ಮಂದಿ. ಅವರ ಇಡೀ ಗುಂಪಿನ ಮೊಬೈಲುಗಳಿಗೆ ಆ ಬೈಕಿನ ಬ್ಯಾಟರಿಯೇ ಕರೆಂಟು. ಅದರಲ್ಲಿ ನಾನೇ ಹಾಕಿದ ಚೋರ್ ಬಟನ್ ಮಣ್ಣು ಕೂತು ಕೆಟ್ಟಿತ್ತು. "ನೋಡ್ರಿ, ಲೈಟ್ ಹತ್ತತದ, ಹಾರ್ನ್ ಹೊಡೀತದ, ಚಾಲೂ ಆಗ್ವಲ್ದು" ಎಂದು ಅವನು ಕಿಕ್ ಹೊಡೆಯುತ್ತಲೇ ಇದ್ದ.

ಅಕ್ಕ ಬುತ್ತಿ ಹಿಡಿದುಕೊಂಡು ಹಾಗೇ ನಿಂತಳು. "ಹಿಂಗೇ ಆಗಿತ್ತು" ಎಂದಳು, ಯಾರಿಗೂ ಅಲ್ಲದೆ. "ನಂದೂ ಹಿಂಗೇ. ದೀಪ ಹತ್ತಿತ್ತು."

ನಾನು ಬಗ್ಗಿ ಟ್ಯಾಂಕಿನ ಕೆಳಗೆ ಕೈಹಾಕಿ ಬಟನ್ನಿನ ಎರಡು ವೈರು ಕೂಡಿಸಿದೆ. ಕುರಿಯವನು ಕಿಕ್ ಹೊಡೆದ. ಗಾಡಿ ಚಾಲೂ ಆಯಿತು.

ಅಕ್ಕ ನನ್ನ ಕೈಯನ್ನು ನೋಡಿದಳು, ಆಮೇಲೆ ಮುಖವನ್ನು. "ಅಂವನ ಗಾಡ್ಯಾಗೂ ಇದು ಇತ್ತೇನು?"

"ಇತ್ತಕ್ಕಾ."

"ಯಾರ್ ಹಾಕಿದ್ರು?"

ಕುರಿಯವನು ಗಾಡಿ ಬಂದ್ ಮಾಡಿ ನಿಂತಿದ್ದ. ನಾನು "ನಾನೇ" ಎಂದೆ. ದಾಜಿ ಬಂದದ್ದು, ಲಿಂಗ ಮುಟ್ಟಿದ್ದು, ನಾನೂ ಮುಟ್ಟಿದ್ದು, ಕೊನೆಗೆ ಅವನ ದವಡೆ ಯಾಕೆ ಮುರಿದೆ ಎಂಬುದನ್ನೂ ಹೇಳಿದೆ. ಅವಳು ಬಲಗಿವಿಯನ್ನು ನನ್ನ ಕಡೆ ತಿರುಗಿಸಿಕೊಂಡು ಪೂರ್ತಿ ಕೇಳಿದಳು. ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆಯಲಿ ಎಂದು ಬೇಡಿಕೊಂಡೆ ಮನಸ್ಸಿನಲ್ಲೇ. ಹೊಡೆಯಲಿಲ್ಲ.

"ಕೋರ್ಟಿನಾಗ ಹೇಳ್ತೀನಕ್ಕಾ, ಬರೋ ತಾರೀಖಿಗೇ" ಎಂದೆ.

"ಹೇಳು. ಹೇಳ್ದೇ ಎಲ್ಲಿ ಹೋಗ್ತಿ" ಎಂದಳು. ಬುತ್ತಿಯನ್ನು ಬೆಂಚಿನ ಮೇಲಿಟ್ಟಳು. "ಎರಡ್ ವರ್ಷ, ನನಗೇ ಗಾಡಿ ಹೊಡ್ಯಾಕ ಬರಲ್ಲ ಅಂತ ನನ್ನ ನಾನೇ ಬೈಕೋತ ಬಂದೆ. ನೀ ಕುಂತು ಕೇಳ್ದಿ."

ಆಮೇಲೆ ಕೈ ಚಾಚಿ ನನ್ನ ಬೈಕಿನ ಕೀಲಿ ಕೇಳಿದಳು. ಉದಗೀರದಲ್ಲಿ ನಮ್ಮ ಚಿಕ್ಕವ್ವ ಇದ್ದಾಳೆ, ಅಲ್ಲಿಗೆ ಹೋಗುತ್ತೇನೆ, ಇನ್ನು ನಿನ್ನ ಮನೆಯಲ್ಲಿ ಇರುವುದಿಲ್ಲ ಎಂದಳು. ಕೀಲಿ ಕೊಟ್ಟೆ. ಅಂಗಡಿಯ ಮುಂದೆ ನಿಂತ ಬೈಕಿನ ಹತ್ತಿರ ಹೋಗಿ, ತಿರುಗಿ ಕೇಳಿದಳು: "ಇದರಾಗ ಏನರ ಹಾಕೀಯೇನು?"

"ಇಲ್ಲಕ್ಕಾ. ಏನೂ ಇಲ್ಲ."

ಅವಳು ನಂಬಲಿಲ್ಲ. ಆಣೆ ಮಾಡಲು ಕೈ ಎದೆಯ ಮೇಲಿನ ಲಿಂಗದವರೆಗೆ ಹೋಯಿತು, ಅಲ್ಲಿಂದ ತಾನೇ ಕೆಳಗಿಳಿಯಿತು. ಅಕ್ಕ ಸೊಟ್ಟ ಮಣಿಕಟ್ಟಿನ ಕೈಯನ್ನು ಸೀಟಿನ ಕೆಳಗೆ ಹಾಕಿ ತಡವಿದಳು. ಟ್ಯಾಂಕಿನ ಕೆಳಗೆ ತಡವಿದಳು. ಎರಡೂ ಕಡೆಯ ಪ್ಯಾನಲ್ ತೆಗೆಸಿ, ಕೂತು, ಒಂದೊಂದೇ ವೈರು ಹಿಡಿದು ಅದು ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ನೋಡಿದಳು. ಕುರಿಯವನು ನೋಡುತ್ತಿದ್ದ, ಎದುರಿನ ಪಂಕ್ಚರ್ ಅಂಗಡಿಯವರು ನೋಡುತ್ತಿದ್ದರು. ನಾನು ಪ್ಯಾನಲ್ಲುಗಳನ್ನು ಕೈಯಲ್ಲಿ ಹಿಡಿದುಕೊಂಡು, ಅವಳು ನನ್ನ ಗಾಡಿಯ ತಪಾಸಣೆ ಮುಗಿಸುವವರೆಗೆ ಪಕ್ಕದಲ್ಲಿ ನಿಂತೇ ಇದ್ದೆ.